ಕಾಯಂ ನೌಕರಿಯೋ, ಹೆಚ್ಚು ಪಗಾರದ ತಾತ್ಕಾಲಿಕ ಕೆಲಸವೋ?



ಕಬ್ಬು ಬೆಳೆಯುವ ಮನೆಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಏಳುತ್ತಿರುತ್ತದೆ. ಮಗನೋ ಮಗಳೋ ಐ.ಟಿ.ಐ. ಅಥವಾ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವಾಗ ಎರಡು ಕಡೆಯಿಂದ ಕರೆ ಬರುತ್ತದೆ. ಒಂದು ಕಡೆ ಕಾಯಂ ನೌಕರಿ, ಆದರೆ ಪಗಾರ ಕಡಿಮೆ. ಇನ್ನೊಂದು ಕಡೆ ಗುತ್ತಿಗೆದಾರನ ಕೈಕೆಳಗೆ ಎಂಟು ಹತ್ತು ತಿಂಗಳ ಕೆಲಸ, ಪಗಾರ ಒಂದೂವರೆ ಪಟ್ಟು. ತಾಯಿ ಕಾಯಂ ಇರಲಿ ಎನ್ನುತ್ತಾಳೆ, ಹುಡುಗ ಹೆಚ್ಚು ಹಣ ಬರಲಿ ಎನ್ನುತ್ತಾನೆ, ತಂದೆ ಇಬ್ಬರ ಮುಖವನ್ನೂ ನೋಡುತ್ತಾನೆ. ಕೊನೆಗೆ ಯಾರ ಧ್ವನಿ ದೊಡ್ಡದೋ ಅವರ ಮಾತು ನಡೆಯುತ್ತದೆ. ಹೀಗಾಗಬಾರದು. ಇದು ಲೆಕ್ಕ ಹಾಕಿ ತೀರ್ಮಾನಿಸತಕ್ಕ ವಿಷಯ. ಆ ಲೆಕ್ಕ ಹಾಕುವುದು ಹೇಗೆಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ವಾಸ್ತವವಾಗಿ ಈ ಪ್ರಶ್ನೆ ನಮಗೆ ಹೊಸದಲ್ಲ. ಬೆಲ್ಲದ ದರ ಏರಿದ ವರ್ಷ ಗಾಣದವನು ಹೊಲದ ಬದುವಿಗೇ ಬಂದು ರೊಕ್ಕ ಎಣಿಸುತ್ತಾನೆ. ದರ ಇಳಿದ ವರ್ಷ ಅವನ ಸುಳಿವೇ ಇರುವುದಿಲ್ಲ. ಕಾರ್ಖಾನೆಯ ದರ ಅಷ್ಟು ಆಕರ್ಷಕವಾಗಿರದಿದ್ದರೂ, ನೋಂದಾಯಿಸಿದ ಕಬ್ಬನ್ನು ದರ ಬಿದ್ದ ವರ್ಷವೂ ಒಯ್ಯುವ ಹೊಣೆ ಅದರ ಮೇಲಿರುತ್ತದೆ. ಟನ್ನಿನ ದರವೊಂದನ್ನೇ ನೋಡಿ ಕಬ್ಬು ಮಾರುವವನು ಐದು ವರ್ಷದ ಸರಾಸರಿ ತೆಗೆದಾಗ ಏನನ್ನು ಕಾಣುತ್ತಾನೆಂಬುದು ಹಿರಿಯ ಸದಸ್ಯರಿಗೆ ತಿಳಿದೇ ಇದೆ. ನೌಕರಿಯ ವಿಷಯದಲ್ಲಿಯೂ ಅದೇ ಜಾಣ್ಮೆಯನ್ನು ಉಪಯೋಗಿಸಬೇಕು.

ಶಬ್ದಗಳ ಅರ್ಥ ಮೊದಲು ತಿಳಿಯಿರಿ

‘ನೌಕರಿ ಸಿಕ್ಕಿತು’ ಎಂದರೆ ಸಾಲದು. ಯಾವ ಬಗೆಯ ನೌಕರಿ ಎಂಬುದನ್ನು ನೇಮಕಾತಿ ಪತ್ರದಲ್ಲಿ ಓದಬೇಕು. ಸಾಮಾನ್ಯವಾಗಿ ಐದು ಬಗೆಗಳುಂಟು.

1. ಕಾಯಂ: ಪರೀಕ್ಷಾರ್ಥ ಅವಧಿ ಮುಗಿದ ಮೇಲೆ ನಿವೃತ್ತಿಯ ವಯಸ್ಸಿನವರೆಗೆ ನಡೆಯುವ ನೌಕರಿ. ತೆಗೆದುಹಾಕಬೇಕಾದರೆ ಕಾರಣ, ನೋಟೀಸು, ಪರಿಹಾರ ಇವೆಲ್ಲ ಬೇಕಾಗುತ್ತವೆ.

2. ಹಂಗಾಮಿನ ಕಾಯಂ: ಸಕ್ಕರೆ ಕಾರ್ಖಾನೆಗಳಲ್ಲಿ ಇದು ಬಹಳ ಹಳೆಯ ಪದ್ಧತಿ. ನುರಿಯುವ ಹಂಗಾಮಿನಲ್ಲಿ ಕೆಲಸ, ಹಂಗಾಮು ಮುಗಿದ ಮೇಲೆ ಬಿಡುವು, ಮುಂದಿನ ಹಂಗಾಮಿಗೆ ಮತ್ತೆ ಕರೆಯಿಸಿಕೊಳ್ಳುವ ಹಕ್ಕು. ಸಕ್ಕರೆ ಉದ್ದಿಮೆಯ ವೇತನ ಮಂಡಳಿಗಳ ಕಾಲದಿಂದ ಬಿಡುವಿನ ತಿಂಗಳುಗಳಿಗೂ ಪಗಾರದ ಒಂದು ಪಾಲನ್ನು ಭತ್ಯೆಯಾಗಿ ಕೊಡುವ ರೂಢಿ ಬಂದಿದೆ. ಕುಶಲ ಕೆಲಸಗಾರನಿಗೆ ಈ ಪಾಲು ಹೆಚ್ಚು, ಅಕುಶಲನಿಗೆ ಕಡಿಮೆ.

3. ನಿಶ್ಚಿತಾವಧಿ: ಒಂದು ವರ್ಷ, ಎರಡು ವರ್ಷ ಎಂದು ಕೊನೆಯ ತಾರೀಖನ್ನು ಮೊದಲೇ ಬರೆದು ಕಂಪನಿಯೇ ನೇರವಾಗಿ ಮಾಡುವ ನೇಮಕಾತಿ.

4. ಗುತ್ತಿಗೆದಾರನ ಮೂಲಕ: ಕೆಲಸ ಕಂಪನಿಯ ಆವರಣದಲ್ಲಿ, ಪಗಾರ ಗುತ್ತಿಗೆದಾರನ ಕೈಯಿಂದ. ಅವನ ಗುತ್ತಿಗೆ ಮುಗಿದರೆ ನಿಮ್ಮ ಕೆಲಸವೂ ಮುಗಿಯಿತು.

5. ದಿನಗೂಲಿ ಮತ್ತು ಬದಲಿ: ಬಂದ ದಿನಕ್ಕೆ ಕೂಲಿ, ಬಾರದ ದಿನಕ್ಕೆ ಇಲ್ಲ.

ವೆರ್ಣಾ, ಕುಂಡಈಂ ಮೊದಲಾದ ಕೈಗಾರಿಕಾ ವಸಾಹತುಗಳಲ್ಲಿ ಒಂದೇ ಗೇಟಿನೊಳಗೆ ಈ ಬಗೆಯ ಬೇರೆ ಬೇರೆ ಕೆಲಸಗಾರರು ಒಂದೇ ಬಣ್ಣದ ಅಂಗಿ ತೊಟ್ಟು ದುಡಿಯುತ್ತಿರುವುದನ್ನು ಕಾಣಬಹುದು. ಹೊರಗಿನಿಂದ ನೋಡಿದವರಿಗೆ ಭೇದ ತಿಳಿಯುವುದಿಲ್ಲ. ಕೆಲಸ ನಿಂತ ದಿನ ಮಾತ್ರ ಭೇದ ಸ್ಪಷ್ಟವಾಗುತ್ತದೆ.

ತಿಂಗಳ ಪಗಾರವಲ್ಲ, ವರ್ಷದ ಗಳಿಕೆ

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ನಿಮ್ಮ ಮನೆಯ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳತಕ್ಕದ್ದು.

ಕಾಯಂ ನೌಕರಿಯ ಪಗಾರ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಕೈಗೆ ಬರುವ ಪಗಾರದ ಜೊತೆಗೆ ಮಾಲೀಕನು ಕೊಡುವ ಬೇರೆ ಬಾಬುಗಳೂ ಇವೆ:

ವರ್ಷದ ಪಗಾರ, 12 ತಿಂಗಳು: 1,80,000 ರೂ.
ಭವಿಷ್ಯ ನಿಧಿ ಮತ್ತು ಪಿಂಚಣಿಗೆ ಮಾಲೀಕನ ಪಾಲು, ಶೇಕಡಾ 12: 21,600 ರೂ.
ಇ.ಎಸ್.ಐ.ಗೆ ಮಾಲೀಕನ ಪಾಲು, ಶೇಕಡಾ 3.25: 5,850 ರೂ.
ಗ್ರಾಚ್ಯುಟಿ, ವರ್ಷಕ್ಕೆ 15 ದಿನದ ಪಗಾರ: ಸುಮಾರು 8,650 ರೂ.
ಕನಿಷ್ಠ ಬೋನಸ್ಸು, ಕಡಿಮೆಯೆಂದರೂ: 7,000 ರೂ.
ಒಟ್ಟು: 2,23,100 ರೂ.

ತಾತ್ಕಾಲಿಕ ಕೆಲಸದ ಪಗಾರ ತಿಂಗಳಿಗೆ 22,000 ರೂಪಾಯಿ, ಬೇರೆ ಯಾವ ಬಾಬೂ ಇಲ್ಲ ಎಂದಿಟ್ಟುಕೊಳ್ಳಿ. ಹನ್ನೆರಡು ತಿಂಗಳೂ ಕೆಲಸ ಸಿಕ್ಕರೆ 2,64,000 ರೂ. ಹತ್ತು ತಿಂಗಳು ಸಿಕ್ಕರೆ 2,20,000 ರೂ. ಎಂಟು ತಿಂಗಳು ಸಿಕ್ಕರೆ 1,76,000 ರೂ. ಅಂದರೆ ವರ್ಷಕ್ಕೆ ಹತ್ತು ತಿಂಗಳಿಗಿಂತ ಹೆಚ್ಚು ಕೆಲಸ ಸಿಕ್ಕಾಗ ಮಾತ್ರ ಅದು ಕಾಯಂ ನೌಕರಿಯ ಸಮಕ್ಕೆ ಬಂದು ನಿಲ್ಲುತ್ತದೆ.

ಇನ್ನು ಆ ಕೆಲಸ ಊರಿನಿಂದ ದೂರವಿದ್ದರೆ ಕೋಣೆಯ ಬಾಡಿಗೆ, ಹೋಟೆಲಿನ ಊಟ, ಬಸ್ಸಿನ ಖರ್ಚು ಸೇರಿ ತಿಂಗಳಿಗೆ 3,000 ರೂಪಾಯಿಯಾದರೂ ಹೆಚ್ಚಿಗೆ ಹೋಗುತ್ತದೆ. ಆಗ ಉಳಿಯುವುದು 19,000 ರೂ. ಹನ್ನೊಂದು ತಿಂಗಳು ದುಡಿದರೂ 2,09,000 ರೂ. ಮಾತ್ರ. ಪಗಾರ ಒಂದೂವರೆ ಪಟ್ಟು ಎಂದು ಹಿಗ್ಗಿದವನು ವರ್ಷದ ಕೊನೆಯಲ್ಲಿ ಹಿಂದೆ ಬಿದ್ದಿರುತ್ತಾನೆ.

ಹಾಗೆಂದು ತಾತ್ಕಾಲಿಕ ಕೆಲಸ ಎಂದೂ ಲಾಭಕರವಲ್ಲ ಎಂದು ತಿಳಿಯಬಾರದು. ಅದೇ ಕೆಲಸಕ್ಕೆ 30,000 ರೂಪಾಯಿ ಸಿಗುವುದಾದರೆ ದೂರದ ಖರ್ಚು ಕಳೆದು 27,000 ರೂ. ಉಳಿಯುತ್ತದೆ. ಒಂಬತ್ತು ತಿಂಗಳಿಗೆ 2,43,000 ರೂ. ಆಗುತ್ತದೆ. ಆಗ ಲಾಭ ಆ ಕಡೆಗೇ ಇದೆ. ಆದ್ದರಿಂದ ಹೀಗೆ ನೆನಪಿಟ್ಟುಕೊಳ್ಳಬಹುದು: ಪಗಾರ ಒಂದೂವರೆ ಪಟ್ಟಾದರೆ ಅದು ಬಹುತೇಕ ಸಮ, ಎರಡು ಪಟ್ಟಾದರೆ ವಿಚಾರ ಮಾಡುವಂತಹದು.

ಇನ್ನೆರಡು ಮಾತು. ಗ್ರಾಚ್ಯುಟಿಯು ಕಾಯಂ ನೌಕರನಿಗೆ ಐದು ವರ್ಷ ಸತತ ಸೇವೆ ಮಾಡಿದ ಮೇಲೆ ಮಾತ್ರ ಕೈಗೆ ಬರುತ್ತದೆ. ಎರಡೇ ವರ್ಷದಲ್ಲಿ ಬಿಡುವವನು ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡನೆಯದಾಗಿ, ಇ.ಎಸ್.ಐ.ಗೆ ಪಗಾರದ ಮಿತಿಯುಂಟು. 2017ರ ಜನವರಿಯಿಂದ ಅದು ತಿಂಗಳಿಗೆ 21,000 ರೂಪಾಯಿ ಎಂದು ನಿಗದಿಯಾಗಿದೆ. 15,000 ರೂಪಾಯಿಯ ನೌಕರನಿಗೆ ಮಡಗಾಂವದ ಇ.ಎಸ್.ಐ. ಆಸ್ಪತ್ರೆಯಲ್ಲಿ ಹೆಂಡತಿ ಮಕ್ಕಳ ಸಮೇತ ಚಿಕಿತ್ಸೆಯ ಹಕ್ಕಿರುತ್ತದೆ. 22,000 ರೂಪಾಯಿಗೆ ಸೇರಿದವನು ಆ ಮಿತಿಯಿಂದ ಹೊರಗೆ ಬೀಳುತ್ತಾನೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಈ ಒಂದು ಸಂಗತಿಯೇ ಇಡೀ ಲೆಕ್ಕವನ್ನು ತಿರುಗಿಸಬಲ್ಲದು.

ಕೆಲಸ ನಿಂತಾಗ ನಷ್ಟ ಯಾರ ಹೆಗಲಿಗೆ?

ಗಳಿಕೆಯ ಲೆಕ್ಕದ ನಂತರ ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಉತ್ತರವನ್ನು ನಮ್ಮ ಗೋವೆಯ ಗಣಿ ಪ್ರದೇಶವೇ ಕೊಡುತ್ತದೆ.

ಕಳೆದ ಶತಮಾನ ಮುಗಿದ ಮೇಲಿನ ವರ್ಷಗಳಲ್ಲಿ ಚೀನಾ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ದರ ಏರಿತು. 2010-11ರಲ್ಲಿ ಗೋವೆಯಿಂದ 5 ಕೋಟಿ ಟನ್ನಿಗೂ ಹೆಚ್ಚು ಅದಿರು ರಫ್ತಾಯಿತು. ಸಾಂಗೇ, ಕೆಪೆ, ಧಾರಬಾಂದೋಡಾ, ಸತ್ತರಿ, ಡಿಚೋಲಿ ಭಾಗದ ಎಷ್ಟೋ ಕುಟುಂಬಗಳು ಬ್ಯಾಂಕಿನ ಸಾಲ ಮಾಡಿ ಟಿಪ್ಪರ್ ಲಾರಿ ಕೊಂಡವು. ಹೊಲದಲ್ಲಿ ಇಡೀ ವರ್ಷ ದುಡಿದರೂ ಕಾಣದ ಹಣ ಕೆಲವೇ ತಿಂಗಳಲ್ಲಿ ಕೈಗೆ ಬರುತ್ತಿರುವಾಗ ಕಬ್ಬು ಯಾರಿಗೆ ಬೇಕು, ಕಾರಕೂನನ ಪಗಾರ ಯಾರಿಗೆ ಬೇಕು ಎನ್ನಿಸಿದ್ದು ಸಹಜವೇ.

2012ರ ಸೆಪ್ಟೆಂಬರಿನಲ್ಲಿ ಶಹಾ ಆಯೋಗದ ವರದಿ ಸಂಸತ್ತಿನ ಮುಂದೆ ಬಂತು. ಸೆಪ್ಟೆಂಬರ್ 10ರಂದು ರಾಜ್ಯ ಸರ್ಕಾರ ಗಣಿ ಕೆಲಸವನ್ನು ತಡೆಹಿಡಿಯಿತು. ಅಕ್ಟೋಬರ್ 5ರಂದು ಸರ್ವೋಚ್ಚ ನ್ಯಾಯಾಲಯವೂ ಗಣಿಗಾರಿಕೆ ಮತ್ತು ಸಾಗಾಟವನ್ನು ನಿಲ್ಲಿಸಿತು. 2014ರ ಏಪ್ರಿಲ್ 21ರ ತೀರ್ಪಿನಿಂದ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿಯೊಂದಿಗೆ ದಾರಿ ತೆರೆಯಿತು. ಮತ್ತೆ 2018ರ ಫೆಬ್ರುವರಿ 7ರಂದು 88 ಗುತ್ತಿಗೆಗಳ ನವೀಕರಣ ರದ್ದಾಗಿ ಮಾರ್ಚ್ 16ರಿಂದ ಕೆಲಸ ಪೂರ್ತಿ ನಿಂತಿತು. ಹೊಸದಾಗಿ ಗಣಿಗಳ ಹರಾಜು ಪ್ರಾರಂಭವಾದದ್ದು 2022ರ ಡಿಸೆಂಬರಿನಲ್ಲಿ.

ಈ ನಡುವೆ ಆದದ್ದೇನು? ಗಣಿ ಕಂಪನಿಯ ಕಾಯಂ ನೌಕರನಿಗೂ ಪೆಟ್ಟು ಬಿತ್ತು, ಲಾರಿಯ ಮಾಲೀಕನಿಗೂ ಬಿತ್ತು. ಆದರೆ ಇಬ್ಬರ ಸ್ಥಿತಿ ಒಂದೇ ಅಲ್ಲ. ಸಂಸ್ಥೆ ನಿಂತಾಗ ಅಥವಾ ಕೆಲಸಗಾರನನ್ನು ಹೆಚ್ಚುವರಿ ಎಂದು ತೆಗೆದಾಗ ನಿಯಮಾನುಸಾರ ನೋಟೀಸು ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಪಗಾರದಂತೆ ಪರಿಹಾರ ಕೊಡಬೇಕು. ಗ್ರಾಚ್ಯುಟಿ ಬೇರೆ, ಭವಿಷ್ಯ ನಿಧಿ ಬೇರೆ. ಕಾಯಂ ನೌಕರನು ಕೇಳಿ ಪಡೆಯಬಹುದಾದ ಹಕ್ಕುಗಳಿವು. ಲಾರಿಯವನಿಗೆ ಬಾಗಿಲಲ್ಲಿ ನಿಂತ ಲಾರಿ ಮತ್ತು ತಪ್ಪದೆ ಬರುವ ಬ್ಯಾಂಕಿನ ಕಂತು, ಇವೆರಡೇ ಉಳಿದವು. ಸಾಲಗಾರರ ಸಂಕಷ್ಟ ಎಷ್ಟರ ಮಟ್ಟಿಗೆ ಹೋಯಿತೆಂದರೆ ಸರ್ಕಾರವೇ 2014ರಲ್ಲಿ ಗಣಿ ಬಾಧಿತ ಸಾಲಗಾರರಿಗಾಗಿ ಸಾಲ ಪರಿಹಾರ ಯೋಜನೆಯನ್ನು ತರಬೇಕಾಯಿತು.

ಇನ್ನೂ ಒಂದು ಪಾಠವಿದೆ. ಎಷ್ಟೋ ಮನೆಗಳಲ್ಲಿ ಅಣ್ಣ ಲಾರಿ ಓಡಿಸುತ್ತಿದ್ದ, ತಮ್ಮ ಗ್ಯಾರೇಜಿನಲ್ಲಿದ್ದ, ತಾಯಿ ಚಾಲಕರಿಗೆ ಊಟದ ಖಾನಾವಳಿ ನಡೆಸುತ್ತಿದ್ದಳು. ನೋಡುವುದಕ್ಕೆ ಮೂರು ಆದಾಯ, ಮೂಲದಲ್ಲಿ ಒಂದೇ ಅದಿರು. ಒಂದೇ ಕಂಬಕ್ಕೆ ಮೂರು ತೊಲೆ ಹೊಂದಿಸಿದ ಮನೆಯಂತಾಯಿತು. ಕಂಬ ಬಿದ್ದ ದಿನ ಮೂರೂ ಬಿದ್ದವು.

ಹಡಗಿನ ನೌಕರಿ

ಗೋವೆಯಲ್ಲಿ ತಾತ್ಕಾಲಿಕ ಕೆಲಸದ ಅತ್ಯಂತ ಹಳೆಯ ಮಾದರಿ ಎಂದರೆ ಹಡಗಿನ ನೌಕರಿ. ಕೊಂಕಣಿಯಲ್ಲಿ ‘ತಾರ್ವೊಟಿ’ ಎಂದು ಕರೆಯುವ ಈ ನಾವಿಕರು ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ ಹೋಗುತ್ತಾರೆ, ಕರಾರು ಮುಗಿದ ಮೇಲೆ ಮನೆಗೆ ಬರುತ್ತಾರೆ, ಮುಂದಿನ ಕರೆ ಬರುವವರೆಗೆ ಸಾಮಾನ್ಯವಾಗಿ ಪಗಾರವಿರುವುದಿಲ್ಲ. ಆದರೂ ಸಾಷ್ಟಿ ಮತ್ತು ಬಾರ್ದೇಶದ ಎಷ್ಟೋ ಮನೆಗಳು ಈ ದುಡಿಮೆಯಿಂದಲೇ ಎದ್ದಿವೆ. ಇದರ ಗುಟ್ಟು ಪಗಾರದ ಮೊತ್ತದಲ್ಲಷ್ಟೇ ಇಲ್ಲ. ಹಡಗಿನಲ್ಲಿರುವ ತಿಂಗಳುಗಳಲ್ಲಿ ಊಟ ವಸತಿ ಕಂಪನಿಯದೇ ಆದ್ದರಿಂದ ಗಳಿಸಿದ್ದರಲ್ಲಿ ಬಹುಪಾಲು ಊರಿಗೆ ತಲುಪುತ್ತದೆ. ಲೆಕ್ಕ ಬಲ್ಲ ಮನೆಯವರು ಆ ಹಣವನ್ನು ಹನ್ನೆರಡು ತಿಂಗಳಿಗೆ ಭಾಗಿಸಿ ಖರ್ಚು ಮಾಡುತ್ತಾರೆ.

ಆದರೆ 2020ರ ಮಾರ್ಚಿನಲ್ಲಿ ಕೊರೋನಾ ರೋಗದಿಂದ ಪ್ರವಾಸಿ ಹಡಗುಗಳು ಜಗತ್ತಿನಾದ್ಯಂತ ನಿಂತವು. ಗೋವೆಯ ಸಾವಿರಾರು ನಾವಿಕರು ಸಮುದ್ರದ ಮೇಲೆಯೇ ಸಿಕ್ಕಿಬಿದ್ದು, ನಂತರ ತಂಡ ತಂಡವಾಗಿ ಊರಿಗೆ ಮರಳಿದರು. ಮುಂದಿನ ಕರಾರು ಯಾವಾಗ ಎಂಬುದು ಯಾರಿಗೂ ತಿಳಿಯದಾಯಿತು. ಗಳಿಸುವ ಕಾಲದಲ್ಲಿ ಕೂಡಿಟ್ಟವರು ಆ ಕಾಲವನ್ನು ದಾಟಿದರು. ಮುಂದಿನ ಪಗಾರವನ್ನು ನಂಬಿ ಮನೆ ಕಟ್ಟಲು ತೊಡಗಿದವರು ಗೋಡೆ ಅರ್ಧಕ್ಕೆ ನಿಲ್ಲಿಸಿದರು. 2021ರಲ್ಲಿ ಗೋವಾ ಸರ್ಕಾರ ನಿವೃತ್ತ ನಾವಿಕರಿಗಾಗಿ ಪಿಂಚಣಿ ಯೋಜನೆಯನ್ನು ಜಾರಿಗೆ ತಂದಿತು. ಜೀವಮಾನವಿಡೀ ಒಳ್ಳೆಯ ಪಗಾರ ತಂದವನಿಗೂ ಮುಪ್ಪಿನಲ್ಲಿ ಆಸರೆ ಬೇಕಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕಾಯಂ ಎಂಬುದೂ ಸಂಸ್ಥೆ ಇರುವವರೆಗೆ

ಇಷ್ಟು ಓದಿದವರು ಕಾಯಂ ನೌಕರಿಯೇ ಸರ್ವಶ್ರೇಷ್ಠವೆಂದು ತೀರ್ಮಾನಿಸಬಾರದು. ಇನ್ನೊಂದು ಮುಖವನ್ನೂ ನೋಡಬೇಕು.

ಧಾರಬಾಂದೋಡಾದ ದಯಾನಂದನಗರದಲ್ಲಿರುವ ಸಂಜೀವನಿ ಸಹಕಾರಿ ಸಕ್ಕರೆ ಕಾರ್ಖಾನೆ ಗೋವೆಯ ಏಕೈಕ ಸಕ್ಕರೆ ಕಾರ್ಖಾನೆ. 1970ರ ದಶಕದಲ್ಲಿ ಪ್ರಾರಂಭವಾದಾಗ ಅದರಲ್ಲಿ ನೌಕರಿ ಸಿಕ್ಕವನ ಜೀವನ ಭದ್ರವಾಯಿತೆಂದು ಊರಿನವರು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಾಳಾವಲಿ ಆಣೆಕಟ್ಟಿನಿಂದ ಕುರ್ಡಿ ಗ್ರಾಮ ಮುಳುಗಿದಾಗ ವಾಡೆ ಮತ್ತು ವಾಲ್ಕಿಣಿ ವಸಾಹತುಗಳಿಗೆ ಬಂದು ನೆಲೆಸಿದ ಕುಟುಂಬಗಳೂ ಇದೇ ಕಾರ್ಖಾನೆಯನ್ನು ನಂಬಿ ಕಬ್ಬು ನೆಟ್ಟವು. 2019-20ರ ಹಂಗಾಮಿನಿಂದ ಅಲ್ಲಿ ಕಬ್ಬು ನುರಿಯುವುದು ನಿಂತಿತು. ಗೋವೆಯ ಕಬ್ಬು ಘಾಟು ಹತ್ತಿ ಕರ್ನಾಟಕದ ಕಾರ್ಖಾನೆಗೆ ಹೋಗಬೇಕಾಯಿತು. ಬೆಳೆಗಾರನಾಗಲಿ ನೌಕರನಾಗಲಿ, ಕಾಯಂ ಎಂದು ತಿಳಿದದ್ದು ಕಾಯಂ ಆಗಿ ಉಳಿಯಲಿಲ್ಲ.

ಇದರಿಂದ ಕಲಿಯತಕ್ಕದ್ದು ಇಷ್ಟೇ. ನೇಮಕಾತಿ ಪತ್ರದಲ್ಲಿ ‘ಕಾಯಂ’ ಎಂದು ಬರೆದ ಮಾತ್ರಕ್ಕೆ ಸಂಸ್ಥೆ ಕಾಯಂ ಆಗುವುದಿಲ್ಲ. ಸೇರುವ ಮೊದಲು ಆ ಸಂಸ್ಥೆಯಲ್ಲಿ ಪಗಾರ ಪ್ರತಿ ತಿಂಗಳು ಹೇಳಿದ ದಿನಕ್ಕೆ ಬರುತ್ತಿದೆಯೇ, ಭವಿಷ್ಯ ನಿಧಿಯ ಹಣ ಖಾತೆಗೆ ಜಮಾ ಆಗುತ್ತಿದೆಯೇ, ಯಂತ್ರಗಳ ದುರಸ್ತಿ ನಡೆಯುತ್ತಿದೆಯೇ, ನಿವೃತ್ತರ ಬಾಕಿ ಸಕಾಲಕ್ಕೆ ಸಲ್ಲುತ್ತಿದೆಯೇ ಎಂಬ ನಾಲ್ಕು ಸಂಗತಿಗಳನ್ನು ಅಲ್ಲಿ ಈಗಾಗಲೇ ಇರುವ ಕೆಲಸಗಾರರನ್ನು ಕೇಳಿ ತಿಳಿಯಬೇಕು. ಪಗಾರ ಎರಡು ಮೂರು ತಿಂಗಳು ತಡವಾಗುವ ಕಾಯಂ ನೌಕರಿಗಿಂತ ತಪ್ಪದೆ ಪಗಾರ ಕೊಡುವ ನಿಶ್ಚಿತಾವಧಿಯ ನೌಕರಿ ಮೇಲು.

ಮೇಲಾಗಿ, ಸಂಸ್ಥೆ ಹೋದರೂ ಕೈಯಲ್ಲಿ ಉಳಿಯುವುದು ಕಸಬು. ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್ ನಡೆಸಬಲ್ಲವನಿಗೆ, ಪ್ರಮಾಣಪತ್ರವಿರುವ ಬಾಯ್ಲರ್ ಅಟೆಂಡೆಂಟನಿಗೆ, ಒಳ್ಳೆಯ ವೆಲ್ಡರನಿಗೆ ಬೆಳಗಾವಿ, ಬಾಗಲಕೋಟೆ, ಕೊಲ್ಹಾಪುರದ ಯಾವ ಕಾರ್ಖಾನೆಯಲ್ಲಿಯಾದರೂ ಹಂಗಾಮಿಗೆ ಕರೆ ಬರುತ್ತದೆ. ಕಸಬಿಲ್ಲದೆ ಬರೀ ಹಾಜರಿ ಹಾಕಿ ಕಾಯಂ ಆದವನಿಗೆ ಆ ಅನುಕೂಲವಿಲ್ಲ.

‘ಇವತ್ತು ತಾತ್ಕಾಲಿಕ, ನಾಳೆ ಕಾಯಂ’ ಎಂಬ ಮಾತು

ಅನೇಕರು ಈ ಆಶ್ವಾಸನೆಯನ್ನು ನಂಬಿ ಕಡಿಮೆ ಪಗಾರದಲ್ಲಿ ವರ್ಷಗಟ್ಟಲೆ ದುಡಿಯುತ್ತಾರೆ. ಸರ್ಕಾರಿ ಕಚೇರಿಗಳ ಮಟ್ಟಿಗೆ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ತೀರ್ಪು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಬಂದಿದೆ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ದಿನಗೂಲಿಯ ಮೇಲೆ ದುಡಿದವರು ಕಾಯಂ ಮಾಡಬೇಕೆಂದು ಕೇಳಿದ ಆ ಪ್ರಕರಣಕ್ಕೆ ಉಮಾದೇವಿ ಪ್ರಕರಣವೆಂದು ಹೆಸರು. 2006ರ ಏಪ್ರಿಲ್ 10ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ನಿಯಮದಂತೆ ನೇಮಕವಾಗದವನಿಗೆ ಬಹಳ ವರ್ಷ ದುಡಿದ ಕಾರಣ ಮಾತ್ರದಿಂದ ಕಾಯಂ ಆಗುವ ಹಕ್ಕು ಬರುವುದಿಲ್ಲವೆಂದು ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಮುಗಿಸಿದ ಕೆಲವರಿಗೆ ಒಂದು ಬಾರಿಯ ಅವಕಾಶವನ್ನು ಮಾತ್ರ ಇಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ದೀರ್ಘಕಾಲ ದುಡಿಸಿಕೊಂಡವರನ್ನು ಹೊರಹಾಕಲು ಆ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದೆಂದು ಇನ್ನೊಂದು ಪ್ರಕರಣದಲ್ಲಿ ತಿಳಿಸಿದೆ. ಅದಾಗ್ಯೂ ನ್ಯಾಯಾಲಯದ ಮೆಟ್ಟಿಲು ಹತ್ತಿ ಹಕ್ಕು ಪಡೆಯುವುದು ವರ್ಷಗಳ ಕೆಲಸ. ಬಾಯಿಮಾತಿನ ಆಶ್ವಾಸನೆಗೆ ಬೆಲೆ ಕಟ್ಟಬೇಡಿರಿ. ಬರವಣಿಗೆಯಲ್ಲಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಇದಕ್ಕಿಂತ ಅಪಾಯಕರವಾದುದು ಹಣ ಕೊಟ್ಟು ಕಾಯಂ ನೌಕರಿ ಕೊಳ್ಳುವ ಆಸೆ. 2024ರ ಕೊನೆಯ ತಿಂಗಳುಗಳಲ್ಲಿ ಗೋವೆಯಲ್ಲಿ ಸರ್ಕಾರಿ ನೌಕರಿ ಕೊಡಿಸುವುದಾಗಿ ಲಕ್ಷಗಟ್ಟಲೆ ಹಣ ತೆಗೆದುಕೊಂಡ ಆರೋಪದ ಮೇಲೆ ಒಂದರ ಹಿಂದೆ ಒಂದರಂತೆ ಬಂಧನಗಳಾದುದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಮಧ್ಯವರ್ತಿಯ ಕೈಗೆ ಹೋದ ಹಣಕ್ಕೆ ರಸೀತಿ ಇರುವುದಿಲ್ಲ. ಕೊಡುವುದೂ ಅಪರಾಧ. ನೌಕರಿಗಾಗಿ ಹೊಲ ಅಡವಿಟ್ಟವನು ಎರಡನ್ನೂ ಕಳೆದುಕೊಳ್ಳುತ್ತಾನೆ. ನೂರು ನೌಕರಿ ಹೋದರೂ ಮನೆಗೆ ಊಟ ಹಾಕುವ ಭೂಮಿಯನ್ನು ಒಂದು ನೌಕರಿಯ ಆಸೆಗೆ ಒಡ್ಡಬಾರದು.

ಯಾವ ಮನೆಗೆ ಯಾವುದು?

ಕಬ್ಬು ಬೆಳೆಗಾರನು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಕಬ್ಬು ತಾನೇ ಒಂದು ಅನಿಶ್ಚಿತ ಆದಾಯ. ಹನ್ನೆರಡು ತಿಂಗಳು ಹಣ ಹೂಡಿ ಒಮ್ಮೆ ಬಿಲ್ಲು ನೋಡುವ ಬೆಳೆ ಇದು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದ್ದರೂ ತಡವಾದ ವರ್ಷಗಳನ್ನು ನಾವೆಲ್ಲ ಕಂಡಿದ್ದೇವೆ. ಅಂತಹ ಮನೆಯಲ್ಲಿ ಇರುವ ಒಬ್ಬನೇ ನೌಕರನೂ ಅನಿಶ್ಚಿತ ಕೆಲಸಕ್ಕೆ ಹೋದರೆ ಮನೆ ಎರಡು ಅಲುಗಾಡುವ ಕಾಲುಗಳ ಮೇಲೆ ನಿಂತಂತಾಗುತ್ತದೆ. ಆದ್ದರಿಂದ ಹುಡುಗನ ಪಗಾರವನ್ನು ಪ್ರತ್ಯೇಕವಾಗಿ ನೋಡದೆ ಇಡೀ ಮನೆಯ ಆದಾಯದ ಪಕ್ಕದಲ್ಲಿಟ್ಟು ನೋಡಬೇಕು.

ಕಾಯಂ ನೌಕರಿ ಯೋಗ್ಯವಾಗುವುದು ಹೀಗಿದ್ದಾಗ: ಮನೆಯಲ್ಲಿ ಬೇರೆ ತಿಂಗಳ ಪಗಾರವಿಲ್ಲ, ಸೊಸಾಯಿಟಿಯ ಅಥವಾ ಬ್ಯಾಂಕಿನ ಸಾಲದ ಕಂತು ನಡೆಯುತ್ತಿದೆ, ವೃದ್ಧರು, ಕಾಯಿಲೆಯವರು, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಸಂಸ್ಥೆಯ ಸ್ಥಿತಿ ಚೆನ್ನಾಗಿದೆ, ಪಗಾರದ ಅಂತರ ಒಂದೂವರೆ ಪಟ್ಟಿನೊಳಗಿದೆ.

ತಾತ್ಕಾಲಿಕ ಕೆಲಸ ಯೋಗ್ಯವಾಗುವುದು ಹೀಗಿದ್ದಾಗ: ಮನೆಯಲ್ಲಿ ಈಗಾಗಲೇ ಒಬ್ಬರ ಸ್ಥಿರ ಪಗಾರವಿದೆ; ಹುಡುಗನಿಗೆ ಇನ್ನೂ ಸಂಸಾರವಿಲ್ಲ; ಆ ಕೆಲಸದಲ್ಲಿ ಬೇರೆಡೆಯೂ ಬೆಲೆಯುಳ್ಳ ಕಸಬು ಕಲಿಯಲು ಸಿಗುತ್ತದೆ; ಪಗಾರ ಎರಡು ಪಟ್ಟಿನ ಸಮೀಪವಿದೆ; ಕೆಲಸವಿಲ್ಲದ ತಿಂಗಳುಗಳು ನಮ್ಮ ಹೊಲದ ಲಾವಣಿಗೋ ಕಟಾವಿಗೋ ಹೊಂದಿಬರುತ್ತವೆ. ಕೊನೆಯ ಅಂಶ ರೈತನ ಮನೆಗಿರುವ ವಿಶೇಷ ಅನುಕೂಲ. ಪಟ್ಟಣದ ಬಾಡಿಗೆ ಮನೆಯವನಿಗೆ ಬಿಡುವಿನ ತಿಂಗಳು ಬರೀ ನಷ್ಟ. ನಮಗೆ ಅದು ಆಳಿನ ಕೂಲಿಯ ಉಳಿತಾಯ.

ಇಬ್ಬರು ಮಕ್ಕಳಿರುವ ಮನೆಯಲ್ಲಿ ಒಬ್ಬರು ಕಾಯಂ, ಒಬ್ಬರು ತಾತ್ಕಾಲಿಕ ಎಂದು ಹಂಚಿಕೊಳ್ಳುವುದು ಒಳ್ಳೆಯ ಏರ್ಪಾಡು. ಆದರೆ ಇಬ್ಬರೂ ಒಂದೇ ಉದ್ದಿಮೆಯನ್ನು ನೆಚ್ಚದಿರಲಿ. ತಾತ್ಕಾಲಿಕ ಕೆಲಸಕ್ಕೆ ಹೋದವರು ಹೆಚ್ಚಿಗೆ ಬಂದ ಪಗಾರದಿಂದ ಮೊದಲು ಮೂರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಕೂಡಿಡಬೇಕು. ಮೋಟಾರ್ ಸೈಕಲ್ಲಿನ ಕಂತು ಆಮೇಲೆ.

ಕಾಗದಪತ್ರಗಳ ಬಗ್ಗೆ ಎಚ್ಚರ

ತಾತ್ಕಾಲಿಕವೆಂದರೆ ಹಕ್ಕುಗಳೇ ಇಲ್ಲವೆಂದು ಕೆಲವು ಗುತ್ತಿಗೆದಾರರು ಹೇಳುತ್ತಾರೆ. ಅದು ಸರಿಯಲ್ಲ. ಕೆಳಗಿನವುಗಳನ್ನು ಮರೆಯಬೇಡಿರಿ.

1. ಭವಿಷ್ಯ ನಿಧಿ ಅನ್ವಯವಾಗುವ ಸಂಸ್ಥೆಯಲ್ಲಿ, ಸಾಮಾನ್ಯವಾಗಿ 20 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ, ಗುತ್ತಿಗೆದಾರನ ಕೆಲಸಗಾರನಿಗೂ ಅದು ಮೊದಲ ದಿನದಿಂದಲೇ ಸಲ್ಲುತ್ತದೆ. ನಿಮ್ಮ ಯು.ಎ.ಎನ್. ಸಂಖ್ಯೆಯನ್ನು ಕೇಳಿ ಪಡೆಯಿರಿ, ಹಣ ಜಮಾ ಆಗುತ್ತಿರುವುದನ್ನು ಆಗಾಗ ನೋಡಿರಿ.

2. ಕೆಲಸ ಬದಲಿಸಿದಾಗ ಭವಿಷ್ಯ ನಿಧಿಯ ಹಣ ತೆಗೆಯದೆ ಹೊಸ ಖಾತೆಗೆ ವರ್ಗಾಯಿಸಿರಿ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಪ್ರತಿ ಸಲ ತೆಗೆದುಕೊಂಡರೆ ಸೇವೆಯ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

3. ಭವಿಷ್ಯ ನಿಧಿಯ ಸದಸ್ಯನು ಸೇವೆಯಲ್ಲಿರುವಾಗ ಮರಣ ಹೊಂದಿದರೆ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ವಿಮೆಯುಂಟು. ಆದ್ದರಿಂದ ವಾರಸುದಾರರ ಹೆಸರನ್ನು ತಪ್ಪದೆ ನಮೂದಿಸಿರಿ.

4. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ನಿಶ್ಚಿತಾವಧಿಯ ನೌಕರನಿಗೆ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ ಸಲ್ಲುತ್ತದೆ. ಐದು ವರ್ಷ ಕಾಯಬೇಕಾಗಿಲ್ಲ. ಹಾಗಾಗಿ ಪತ್ರದಲ್ಲಿ ‘ನಿಶ್ಚಿತಾವಧಿ’ ಎಂದಿದೆಯೋ ‘ಗುತ್ತಿಗೆದಾರನ ಮೂಲಕ’ ಎಂದಿದೆಯೋ ನೋಡುವುದು ಈಗ ಇನ್ನೂ ಮಹತ್ವದ್ದು.

5. ಸಕ್ಕರೆ ಕಾರ್ಖಾನೆಯ ಹಂಗಾಮಿನ ನೌಕರರಿಗೆ ಗ್ರಾಚ್ಯುಟಿ ಪ್ರತಿ ಹಂಗಾಮಿಗೆ 7 ದಿನದ ಪಗಾರದಂತೆ. 13,000 ರೂಪಾಯಿ ಪಗಾರವಿದ್ದರೆ ವರ್ಷವಿಡೀ ದುಡಿಯುವವನಿಗೆ ವರ್ಷಕ್ಕೆ 7,500 ರೂ., ಹಂಗಾಮಿನವನಿಗೆ 3,500 ರೂ. ಸೇವೆ ಸತತವೆಂದು ಎಣಿಸಲು ಹಂಗಾಮಿನಲ್ಲಿ ಕಾರ್ಖಾನೆ ನಡೆದ ದಿನಗಳ ಮುಕ್ಕಾಲು ಪಾಲಾದರೂ ಹಾಜರಿ ಬೇಕು. ಹೊಲದ ಕೆಲಸಕ್ಕೆಂದು ಹಂಗಾಮಿನ ನಡುವೆ ಮೇಲಿಂದ ಮೇಲೆ ಗೈರುಹಾಜರಾಗುವವರು ಇದನ್ನು ನೆನಪಿಡತಕ್ಕದ್ದು.

6. ನೇಮಕಾತಿ ಪತ್ರ, ಪಗಾರದ ಚೀಟಿ, ಹಾಜರಿ ಕಾರ್ಡು ಇವನ್ನು ಒಂದು-ಹದಿನಾಲ್ಕರ ಉತಾರಗಳಷ್ಟೇ ಜೋಪಾನವಾಗಿ ಇಡಬೇಕು. ಹಕ್ಕು ಕೇಳುವ ದಿನ ಕಾಗದವೇ ಸಾಕ್ಷಿ.

ಸಾರಾಂಶ

ಮೂರು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ. ವರ್ಷಕ್ಕೆ ಎಷ್ಟು ಉಳಿಯುತ್ತದೆ? ಕೆಲಸ ನಿಂತ ದಿನ ಕೈಯಲ್ಲಿ ಏನಿರುತ್ತದೆ? ಮನೆಯ ಬೇರೆ ಆದಾಯ ಯಾವುದರ ಮೇಲೆ ನಿಂತಿದೆ? ಈ ಮೂರಕ್ಕೂ ಉತ್ತರ ಬರೆದ ಮೇಲೆ ತಾಯಿ, ತಂದೆ, ಮಕ್ಕಳು ಜೊತೆಯಾಗಿ ಕುಳಿತು ಓದಿರಿ. ಎರಡು ಕರೆಗಳಲ್ಲಿ ಯಾವುದು ನಿಮ್ಮ ಮನೆಗೆ ಹೊಂದುತ್ತದೆಂಬುದು ಬಹುಮಟ್ಟಿಗೆ ಅಲ್ಲಿಯೇ ಕಾಣಿಸುತ್ತದೆ. ಪಕ್ಕದ ಮನೆಯ ಹುಡುಗನಿಗೆ ಸರಿಹೊಂದಿದ್ದು ನಿಮ್ಮ ಮನೆಗೂ ಹೊಂದಬೇಕೆಂದಿಲ್ಲ. ಅವರ ಹೊಲ ಬೇರೆ, ಸಾಲ ಬೇರೆ, ಸಂಸಾರ ಬೇರೆ.

ಸದಸ್ಯ ಬಾಂಧವರು ಮಕ್ಕಳ ನೌಕರಿಯ ವಿಷಯದಲ್ಲಿ ಆತುರಪಡದೆ, ಲೆಕ್ಕ ಹಾಕಿ, ಪತ್ರ ಓದಿ ನಿರ್ಧಾರ ಕೈಕೊಳ್ಳಬೇಕೆಂದು ವಿನಂತಿ.